ಸಾರಿನಲ್ಲಿ ಬೇಳೆ ಎಷ್ಟಿದೆ?

ಕೇಕ್ ಮಾಡಬೇಕು ಅಂತ ಹೋದ ವರ್ಷ ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಂದೆ. ಕೇಕ್ ಆಗಲಿಲ್ಲ, ಆ ಕಥೆ ಬೇಡ. ತಕ್ಕಡಿ ಮಾತ್ರ ಅಡುಗೆಮನೆ ಕಟ್ಟೆಯ ಮೇಲೆ ಸುಮ್ನೆ ಕೂತಿತ್ತು. ಒಂದು ಬೆಳಿಗ್ಗೆ ಅಮ್ಮ ಸಾರಿಗೆ ಅಂತ ತೊಗರಿಬೇಳೆ ಅಳೆದು ಪಾತ್ರೆಗೆ ಹಾಕಿದ್ದರು. ಕೈ ಸುಮ್ಮನಿರಲಿಲ್ಲ, ತೂಗಿ ನೋಡಿದೆ. 98 ಗ್ರಾಂ ಇತ್ತು. ಎರಡು ಹೊತ್ತಿಗೆ, ನಾಲ್ಕು ಜನಕ್ಕೆ ಅದೇ ಸಾರು. ಅಕ್ಕಿಯನ್ನೂ ತೂಗಿದೆ. ಎರಡು ಹೊತ್ತಿನದು ಸೇರಿ 800 ಗ್ರಾಂ.

ಎಂಟು ಪಾಲು ಅಕ್ಕಿಗೆ ಒಂದು ಪಾಲು ಬೇಳೆ.

‘ಸಸ್ಯಾಹಾರಿಗಳಿಗೆ ಪ್ರೋಟೀನ್ ಎಲ್ಲಿಂದ ಬರುತ್ತೆ?’ ಅಂತ ಯಾರಾದರೂ ಕೇಳಿದರೆ ನಾವು ಥಟ್ಟನೆ ‘ಬೇಳೆ’ ಅನ್ನುತ್ತೇವೆ. ಉತ್ತರ ಸರಿಯೇ. ಆದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ ಹೋಗುತ್ತಿದ್ದ ಬೇಳೆ 25 ಗ್ರಾಂ ಕೂಡ ಇರಲಿಲ್ಲ. ಅದು ಒಂದು ಸಣ್ಣ ಹಿಡಿ. ಉಳಿದದ್ದೆಲ್ಲ ನೀರು, ಹುಣಸೆಹಣ್ಣು, ಸಾರಿನ ಪುಡಿ, ಒಗ್ಗರಣೆಯ ಘಮ. ಅಮ್ಮನ ತಿಳಿಸಾರಿನ ರುಚಿಯ ಬಗ್ಗೆ ನನ್ನದು ಚಕಾರವಿಲ್ಲ. ಅದನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯುವುದು ಮಾತ್ರ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಹಾಗಾದರೆ ಎಷ್ಟಿರಬೇಕು? ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣೆ ಸಂಸ್ಥೆ ಅಂತ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ಗೆ ಸೇರಿದ್ದು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ಅನ್ನುವ ರೋಗದ ಬಗ್ಗೆ ಒಂದೇ ಕೋಣೆಯ ಸಂಶೋಧನಾ ಘಟಕವಾಗಿ ಶುರುವಾದದ್ದು, ಆಮೇಲೆ ಬೆಳೆಯಿತು. ಭಾರತೀಯರು ಏನು, ಎಷ್ಟು ತಿನ್ನಬೇಕು ಅಂತ ಅವರು 2024ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟರು. ದಿನಕ್ಕೆ 2000 ಕ್ಯಾಲೊರಿ ಬೇಕಾದ ಸಸ್ಯಾಹಾರಿಯ ತಟ್ಟೆ ಅದರಲ್ಲಿ ಸುಮಾರು ಹೀಗಿದೆ. ಧಾನ್ಯ 250 ಗ್ರಾಂ, ಬೇಳೆ-ಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಶೇಂಗಾ-ಎಳ್ಳು-ಬಾದಾಮಿಯಂಥವು 35 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ. ಇವೆಲ್ಲ ಬೇಯಿಸುವ ಮುಂಚಿನ ತೂಕ.

ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಮೊದಲ ಎರಡು ಅಂಕಿ ನೋಡಿದರೆ ಸಾಕು. 250ಕ್ಕೆ 85. ಅಂದರೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ.

ಈ ಲೆಕ್ಕವನ್ನು ಮೊದಲೇ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹೌದು, ದೋಸೆ ಹಿಟ್ಟಿನಲ್ಲಿ! ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ. ಇಡ್ಲಿಗೆ ಎರಡು ಲೋಟ ರವೆಗೆ ಒಂದು ಲೋಟ ಉದ್ದು. ಹುಗ್ಗಿ, ಬಿಸಿಬೇಳೆ ಬಾತ್ ಆದರೆ ಬೇಳೆ ಇನ್ನೂ ಮುಂದೆ, ಕೆಲವು ಮನೆಗಳಲ್ಲಿ ಅಕ್ಕಿ-ಬೇಳೆ ಸಮ ಸಮ. ನಮ್ಮ ಅಜ್ಜಿಯರಿಗೆ ಪ್ರೋಟೀನ್ ಅನ್ನೋ ಪದ ಗೊತ್ತಿರಲಿಲ್ಲ. ಹಿಟ್ಟು ಉಬ್ಬಬೇಕು, ದೋಸೆ ಕಾವಲಿಯಿಂದ ಏಳಬೇಕು, ಅದಕ್ಕೆ ಉದ್ದು ಹಾಕಿದರು. ಆದರೂ ಲೆಕ್ಕ ಕೂತಿತು. ನನಗನ್ನಿಸುವುದು ಇಷ್ಟೇ. ತಿಂಡಿಯ ಹಿಟ್ಟು ರುಬ್ಬುವಾಗ ಇರುವ ಈ ಶಿಸ್ತು ಊಟದ ಹೊತ್ತಿಗೆ ಎಲ್ಲೋ ಕರಗಿಹೋಗುತ್ತದೆ. ಅದನ್ನು ಸಾರಿನ ಪಾತ್ರೆಗೂ ತಂದರೆ ಅರ್ಧ ಕೆಲಸ ಮುಗಿಯಿತು.

ಅಕ್ಕಿ ಮತ್ತು ಬೇಳೆಯ ಜೋಡಿ ಯಾಕೆ ಬೇಕು?

ಪ್ರೋಟೀನ್ ಅನ್ನುವುದು ಒಂದು ಹೂವಿನ ಮಾಲೆ ಅಂದುಕೊಳ್ಳಿ. ಮಲ್ಲಿಗೆ, ಕನಕಾಂಬರ, ಮರುಗ, ಹೀಗೆ ಬೇರೆ ಬೇರೆ ಹೂವು-ಪತ್ರೆಗಳನ್ನು ಒಂದು ಕ್ರಮದಲ್ಲಿ ಕಟ್ಟಬೇಕು. ಈ ಹೂವುಗಳೇ ಅಮೈನೋ ಆಮ್ಲಗಳು. ಒಟ್ಟು 20 ಬಗೆ. ಹೆಚ್ಚಿನವನ್ನು ದೇಹ ತನ್ನ ಹಿತ್ತಲಲ್ಲೇ ಬೆಳೆದುಕೊಳ್ಳುತ್ತದೆ. ಒಂಬತ್ತನ್ನು ಮಾತ್ರ ಹೊರಗಿನಿಂದ, ಅಂದರೆ ಊಟದಿಂದಲೇ ತರಬೇಕು. ಬುಟ್ಟಿ ತುಂಬ ಮಲ್ಲಿಗೆ ಇದ್ದರೂ ಮರುಗ ಮುಗಿದುಹೋದರೆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಉಳಿದ ಮಲ್ಲಿಗೆಯನ್ನು ದೇಹ ಒಲೆಗೆ ಹಾಕಿ ಉರಿಸಿಬಿಡುತ್ತದೆ.

ಅಕ್ಕಿ, ಗೋಧಿ, ಜೋಳದಲ್ಲಿ ಲೈಸಿನ್ ಅನ್ನುವ ಹೂವು ಕಮ್ಮಿ. ಬೇಳೆ-ಕಾಳುಗಳಲ್ಲಿ ಲೈಸಿನ್ ಧಾರಾಳ, ಅಲ್ಲಿ ಕೊರತೆ ಮೆಥಿಯೊನಿನ್‌ದು. ಅದು ಧಾನ್ಯಗಳಲ್ಲಿ ಬೇಕಾದಷ್ಟಿದೆ. ಒಂದರ ಕೊರೆಯನ್ನು ಇನ್ನೊಂದು ತುಂಬುತ್ತದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕು ಅಂತ ಹಿಂದೆ ಹೇಳುತ್ತಿದ್ದರು. ಅಷ್ಟು ಕಟ್ಟುನಿಟ್ಟು ಬೇಕಾಗಿಲ್ಲ, ಒಂದೇ ದಿನದಲ್ಲಿ ಎರಡೂ ಬಂದರೆ ಸಾಕು. ಹಾಲು-ಮೊಸರಿನಲ್ಲಂತೂ ಒಂಬತ್ತೂ ಹೂವು ಸರಿಯಾಗಿವೆ. ಹಾಗಾಗಿ ಮೊಸರನ್ನದ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಮೊಸರಿಗಿಂತ ನೀರೇ ಜಾಸ್ತಿ ಇರುವ ಮಜ್ಜಿಗೆಯನ್ನು ‘ಮೊಸರು ತಿಂತೀನಿ’ ಅಂತ ಲೆಕ್ಕ ಹಾಕುವವರ ಮೇಲೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ.

ಒಂದು ದಿನದ ಲೆಕ್ಕ

ದೊಡ್ಡವರಿಗೆ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಈಗ ನನ್ನ ಮಾಮೂಲಿ ದಿನ ನೋಡಿ.

ಬೆಳಿಗ್ಗೆ ಉಪ್ಪಿಟ್ಟು. 60 ಗ್ರಾಂ ರವೆ ಹಿಡಿದರೆ ಆರೂವರೆ ಗ್ರಾಂ ಪ್ರೋಟೀನ್. ಎರಡು ಕಾಫಿಯ ಹಾಲಿನಲ್ಲಿ 3 ಗ್ರಾಂ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ, ಅದರಲ್ಲಿ 8. ಸಾರಿನ ಬೇಳೆಯಿಂದ 2.7. ಒಂದು ಸೌಟು ಬೀನ್ಸ್ ಪಲ್ಯ, 2. ಮಜ್ಜಿಗೆ, ಒಂದೂವರೆ. ಸಂಜೆ ಎರಡು ಬಿಸ್ಕತ್ತು, 1. ರಾತ್ರಿ ಮತ್ತೆ ಅದೇ ಅನ್ನ, ಅದೇ ಸಾರು, ಸುಮಾರು 10.7. ಎಲ್ಲ ಕೂಡಿಸಿದರೆ 35 ಗ್ರಾಂ ಚಿಲ್ಲರೆ. ಅದರಲ್ಲೂ ಮೂರರಲ್ಲಿ ಎರಡು ಪಾಲು ಅಕ್ಕಿ ಮತ್ತು ರವೆಯಿಂದಲೇ ಬಂದದ್ದು.

ಹೊಟ್ಟೆ ತುಂಬಿತ್ತಾ ಅಂದರೆ ತುಂಬಿತ್ತು. ಗಮನಿಸಬೇಕಾದ್ದು ಅದನ್ನೇ. ಹಸಿವು ಇಂಗುವುದಕ್ಕೂ ಪೋಷಣೆ ಸಿಗುವುದಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಇದನ್ನು ಸರಿ ಮಾಡಲು ನಾನು ಪೌಡರ್ ಡಬ್ಬಿ ತರಲಿಲ್ಲ. ಎರಡು ಹೊತ್ತು ಸೇರಿ ಅನ್ನದಿಂದ 50 ಗ್ರಾಂ ಅಕ್ಕಿ ಕಮ್ಮಿ ಮಾಡಿದೆ, 4 ಗ್ರಾಂ ಪ್ರೋಟೀನ್ ಹೋಯಿತು. ಸಾರಿನ ಬೇಳೆಯನ್ನು ದುಪ್ಪಟ್ಟು ಮಾಡಿಸಿದೆ, ಐದೂವರೆ ಬಂತು. ಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು, ಇನ್ನೊಂದು 5. ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಹುರಿದ ಶೇಂಗಾ, 25 ಗ್ರಾಂ, ಅದರಿಂದ 6. ಮಧ್ಯಾಹ್ನಕ್ಕೆ ಹೆಸರುಬೇಳೆ ಕೋಸಂಬರಿ ಅಥವಾ ಮೊಳಕೆಕಾಳಿನ ಉಸಲಿ, ಮತ್ತೆ ಐದೂವರೆ. ಬಿಸ್ಕತ್ತಿನ ಒಂದು ಗ್ರಾಂ ಕಳೆದರೂ 52 ದಾಟಿತು. ತಿಂಗಳ ದಿನಸಿ ಚೀಟಿಯಲ್ಲಿ ಹೊಸದಾಗಿ ಸೇರಿದ್ದು ಒಂದು ಕಿಲೋ ಹೆಸರುಕಾಳು, ಎರಡು ಕಿಲೋ ಶೇಂಗಾ, ಇನ್ನೊಂದಿಷ್ಟು ಬೇಳೆ.

ತೊಗರಿಬೇಳೆ ದುಬಾರಿ ಅನ್ನುವವರಿಗೆ ಒಂದು ಮಾತು. ಪ್ರೋಟೀನ್ ವಿಷಯದಲ್ಲಿ ತೊಗರಿಗೆ ಯಾವ ವಿಶೇಷ ಕಿರೀಟವೂ ಇಲ್ಲ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಹುರುಳಿಕಾಳಿನಲ್ಲೂ 22. ಕಡಲೆಬೇಳೆ, ಹೆಸರುಕಾಳು ಅದೇ ಆಸುಪಾಸು. ಶೇಂಗಾದಲ್ಲಿ ಒಂದು ಕೈ ಮೇಲೆ, ಆದರೆ ಎಣ್ಣೆಯೂ ಜಾಸ್ತಿ. ಹುರುಳಿಯನ್ನು ಕುದುರೆ ಮೇವು ಅಂತ ಮೂಲೆಗೆ ತಳ್ಳಿದವರು ಬಸ್ಸಾರಿನ ರುಚಿ ನೋಡಿಲ್ಲ ಅಷ್ಟೆ. ಅವರೆಕಾಯಿ ಕಾಲದಲ್ಲಂತೂ ಹಳೇ ಮೈಸೂರು ಕಡೆ ಯಾರಿಗೂ ಪ್ರೋಟೀನ್ ಪಾಠ ಬೇಕಾಗಿಲ್ಲ. ಉಪ್ಪಿಟ್ಟಿಗೂ ಅವರೆ, ಸಾರಿಗೂ ಅವರೆ, ಹಿದುಕಬೇಳೆ ಬೇರೆ. ಆ ಎರಡು ತಿಂಗಳು ಊರೇ ಸಮತೋಲನದಲ್ಲಿರುತ್ತದೆ.

ಶೇಂಗಾ ವಿಷಯ ಬಂದಾಗ ನಮ್ಮೂರ ಹೆಮ್ಮೆಯೊಂದನ್ನು ಹೇಳದೆ ಇರಲಾರೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ), ದೇಶದಲ್ಲಿ ಪ್ರೋಟೀನ್ ಕೊರತೆ ಇದ್ದ ಕಾಲದಲ್ಲಿ ಒಂದು ಪುಷ್ಟಿ ಹಿಟ್ಟು ತಯಾರಿಸಿತ್ತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿ, ಮೇಲೆ ಒಂದಿಷ್ಟು ವಿಟಮಿನ್, ಖನಿಜ ಸೇರಿಸಿದ್ದು. ಶೇಂಗಾ, ಹುರಿಗಡಲೆ ಎರಡೂ ಹಾಕಿ ಚಟ್ನಿ ರುಬ್ಬುವವರು ಇದನ್ನು ಓದಿ ಬೀಗಬಹುದು.

ಯಾವ ಕಡೆಯ ಊಟ ಮೇಲು?

ಹಳೇ ಮೈಸೂರಿನವನಾಗಿ ಒಪ್ಪಿಕೊಳ್ಳುವುದು ಕಷ್ಟ. ಆದರೂ ನಮ್ಮ ರಾಜ್ಯದ ದಿನನಿತ್ಯದ ಸಸ್ಯಾಹಾರಿ ಊಟಗಳಲ್ಲಿ ಗೆಲ್ಲುವುದು ಉತ್ತರ ಕರ್ನಾಟಕದ ತಟ್ಟೆಯೇ. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ತರಕಾರಿ ಅಥವಾ ಸೊಪ್ಪಿನ ಪಲ್ಯ, ಪಕ್ಕದಲ್ಲಿ ಹಸಿ ಸವತಿಕಾಯಿ, ಮೂಲಂಗಿ, ಈರುಳ್ಳಿ, ಮೆಂತ್ಯ ಸೊಪ್ಪು. ಮೇಲೆ ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಐಸಿಎಂಆರ್ ಪಟ್ಟಿಯ ಹೆಚ್ಚುಕಮ್ಮಿ ಎಲ್ಲ ಸಾಲೂ ಇಲ್ಲಿವೆ. ರೊಟ್ಟಿಯನ್ನು ಪಲ್ಯ ಇಲ್ಲದೆ ನುಂಗಲು ಆಗುವುದಿಲ್ಲ, ಹಾಗಾಗಿ ಪಲ್ಯ ತಾನಾಗಿಯೇ ಜಾಸ್ತಿ ಹೋಗುತ್ತದೆ. ಅನ್ನಕ್ಕೆ ಆ ಗುಣವಿಲ್ಲ. ಒಂದು ಸೌಟು ಸಾರು ಸುರಿದರೆ ಸಾಕು, ಅನ್ನದ ಬೆಟ್ಟವೇ ಇಳಿದುಹೋಗುತ್ತದೆ.

ಅಲ್ಲಿನ ಅಗಸಿ ಚಟ್ನಿ ಪುಡಿಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. ಮೀನು ತಿನ್ನುವವರಿಗೆ ಸಿಗುವ ಒಮೆಗಾ-3 ಕೊಬ್ಬಿನ ಜಾತಿಗೇ ಸೇರಿದ ಒಂದು ಕೊಬ್ಬು ಅಗಸೆಯಲ್ಲಿ ತುಂಬ ಇದೆ. ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಅದೇ. ದೇಹ ಅದನ್ನು ಮೀನಿನಲ್ಲಿರುವ ರೂಪಕ್ಕೆ ಬದಲಿಸಿಕೊಳ್ಳುವುದು ಸ್ವಲ್ಪವೇ, ಆದರೂ ದಿನಕ್ಕೊಂದು ಚಮಚ ಒಳ್ಳೆಯದು. ಪುಡಿ ಮಾಡಿಯೇ ತಿನ್ನಬೇಕು. ಇಡೀ ಬೀಜ ಹೇಗೆ ಒಳಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ.

ಕರಾವಳಿ, ಮಲೆನಾಡಿನವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ತಂಬುಳಿ ಇದೆ, ಪತ್ರೊಡೆ ಇದೆ. ಹಿತ್ತಲಿನ ಸೊಪ್ಪನ್ನು ಮಜ್ಜಿಗೆಯಲ್ಲಿ ಕಲಸಿ ಊಟವನ್ನೇ ಮಾಡಿಬಿಡುವ ಜಾಣ್ಮೆ ಬೇರೆ ಕಡೆ ಕಮ್ಮಿ. ಕುಚ್ಚಲಕ್ಕಿಯೂ ಸಣ್ಣ ವಿಷಯವಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ ವಿಟಮಿನ್‌ಗಳು ಕಾಳಿನ ಒಳಕ್ಕೆ ಇಳಿಯುತ್ತವೆ, ಆಮೇಲೆ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಕೂನೂರಿನಲ್ಲಿ ಬೆರಿಬೆರಿ ಘಟಕ ತೆರೆದದ್ದು ಇದೇ ಕಥೆಯ ಇನ್ನೊಂದು ಮುಖ. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯನ್ನೇ ನಂಬಿದ ಜನಕ್ಕೆ ಬಿ1 ಸಿಗದೆ ಬರುವ ರೋಗ ಅದು.

ಕಬ್ಬಿಣ: ತಿಂದದ್ದು ಬೇರೆ, ಒಳಗೆ ಸೇರಿದ್ದು ಬೇರೆ

ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ಅಂಕಿ ಇದು. ಸಸ್ಯಾಹಾರಿಗಳು, ಮಾಂಸಾಹಾರಿಗಳು ಎಲ್ಲ ಸೇರಿ. ಕಾರಣಗಳು ಹಲವು, ಅದರಲ್ಲಿ ಕಬ್ಬಿಣದ ಕೊರತೆ ದೊಡ್ಡದು. ಗಂಡಸರಿಗೆ ದಿನಕ್ಕೆ 19 ಮಿ.ಗ್ರಾಂ ಕಬ್ಬಿಣ ಬೇಕಾದರೆ ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ 29 ಬೇಕು. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಉಳಿದ ತಳದ ಪಲ್ಯ ತಿನ್ನುವವರಿಗೇ ಜಾಸ್ತಿ ಬೇಕು ಅನ್ನುವುದು ಯೋಚಿಸಬೇಕಾದ ವಿಷಯ.

ಸೊಪ್ಪು-ಕಾಳುಗಳ ಕಬ್ಬಿಣದ ತೊಂದರೆ ಏನೆಂದರೆ, ತಿಂದದ್ದರಲ್ಲಿ ಹತ್ತರಲ್ಲಿ ಒಂದು ಪಾಲೋ ಅದಕ್ಕಿಂತ ಕಮ್ಮಿಯೋ ಮಾತ್ರ ರಕ್ತಕ್ಕೆ ಸೇರುತ್ತದೆ. ಕಾಳಿನಲ್ಲಿರುವ ಫೈಟೇಟ್ ಅನ್ನುವ ವಸ್ತು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಈ ಕಟ್ಟು ಬಿಚ್ಚುವ ದಾರಿಗಳು ನಮ್ಮ ಅಡುಗೆಮನೆಯಲ್ಲೇ ಇವೆ. ನೆನೆಹಾಕುವುದು, ಮೊಳಕೆ ಕಟ್ಟುವುದು, ಹಿಟ್ಟು ಹುದುಗು ಬರಿಸುವುದು, ಮೂರೂ ಫೈಟೇಟನ್ನು ಇಳಿಸುತ್ತವೆ. ಇನ್ನೊಂದು ದಾರಿ ಹುಳಿ. ವಿಟಮಿನ್ ಸಿ ಜೊತೆಗಿದ್ದರೆ ಕಬ್ಬಿಣ ಸಲೀಸಾಗಿ ಹೀರಿಕೊಳ್ಳುತ್ತದೆ. ಕೋಸಂಬರಿಗೆ ನಿಂಬೆಹಣ್ಣು ಹಿಂಡುವುದು ಬರೀ ರುಚಿಗಲ್ಲ. ಹುರುಳಿ ಸಾರಿನ ಊಟ ಆದ ಮೇಲೆ ಒಂದು ಸೀಬೆಹಣ್ಣು ತಿಂದರೆ ಇನ್ನೂ ಚೆನ್ನ. 100 ಗ್ರಾಂ ಸೀಬೆಯಲ್ಲಿ 200 ಮಿ.ಗ್ರಾಂಗೂ ಮೇಲೆ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ಎಷ್ಟೋ ಪಾಲು ಜಾಸ್ತಿ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಬಹಳಷ್ಟು ಹಾಳಾಗುತ್ತದೆ.

ಈಗ ಕಹಿ ಸುದ್ದಿ. ಊಟ ಮುಗಿಸಿದ ತಕ್ಷಣ ಕಾಫಿ-ಟೀ ಕುಡಿದರೆ ಅದರಲ್ಲಿರುವ ಒಗರಿನ ಅಂಶಗಳು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತವೆ. ಇಡ್ಲಿ ತಿಂದು ಕೈ ಒಣಗುವ ಮುಂಚೆ ಕಾಫಿ ಬೇಕು ಅನ್ನುವ ಜಾತಿಗೆ ನಾನೂ ಸೇರಿದವನು. ಈಗ ಒಂದು ಗಂಟೆ ತಡೆದುಕೊಳ್ಳಲು ಕಲಿತಿದ್ದೇನೆ. ಪೂರ್ತಿ ಕಲಿತಿದ್ದೇನೆ ಅಂತ ಹೇಳಲಾರೆ.

ಬೆಲ್ಲದ ಮಾತೂ ಬರಲಿ. ‘ಬೆಲ್ಲದಲ್ಲಿ ಕಬ್ಬಿಣ ಇದೆ’ ಅಂತ ಪಾಯಸ ಎರಡು ಸಲ ಹಾಕಿಸಿಕೊಳ್ಳುವವರಿದ್ದಾರೆ. ಇದೆ, ಆದರೆ ಎರಡು ಚಮಚ ಬೆಲ್ಲದಲ್ಲಿ ಅರ್ಧ ಮಿ.ಗ್ರಾಂ ಆಸುಪಾಸು. ಅಷ್ಟಕ್ಕೆ ಅಷ್ಟು ಸಕ್ಕರೆ ತಿನ್ನುವುದು ದಂಡ. ಬೆಲ್ಲ ರುಚಿಗೆ ತಿನ್ನಿ, ಔಷಧಿ ಅಂತ ಬೇಡ. ಅದರ ಬದಲು ಹಳೇ ಕಬ್ಬಿಣದ ಬಾಣಲೆಯನ್ನು ಅಟ್ಟದಿಂದ ಇಳಿಸಿ. ಟೊಮೆಟೊ ಗೊಜ್ಜಿನಂಥ ಹುಳಿ ಅಡುಗೆ ಅದರಲ್ಲಿ ಬೆಂದರೆ ಒಂದಿಷ್ಟು ಕಬ್ಬಿಣ ಸುಮ್ನೆ ಸಿಗುತ್ತದೆ.

ರಾಗಿ ಮತ್ತು ಮೂಳೆ

ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ಅಕ್ಕಿಯಲ್ಲಿ 10 ಮಿ.ಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ 364 ಇದೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದರೆ ಸುಮಾರು 290. ಜೊತೆಗೆ 300 ಮಿ.ಲೀ. ಹಾಲು-ಮೊಸರು, 350. ಒಂದು ಬಟ್ಟಲು ನುಗ್ಗೆಸೊಪ್ಪಿನ ಪಲ್ಯ, 300ರ ಹತ್ತಿರ. ಒಂದು ಚಮಚ ಎಳ್ಳು ಪುಡಿ, 100ಕ್ಕೂ ಮೇಲೆ. ಲೆಕ್ಕ ಮುಗಿಯಿತು. ಇಲ್ಲಿ ಪಾಲಕ್ ಸೊಪ್ಪಿನ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಅದರಲ್ಲಿ ಆಕ್ಸಲೇಟ್ ಅನ್ನುವ ವಸ್ತು ಜಾಸ್ತಿ, ಕ್ಯಾಲ್ಸಿಯಂ ಇದ್ದರೂ ಬಿಟ್ಟುಕೊಡುವುದಿಲ್ಲ. ನುಗ್ಗೆಸೊಪ್ಪು ಇದಕ್ಕಿಂತ ಎಷ್ಟೋ ವಾಸಿ. ಅದಂತೂ ಎಷ್ಟೋ ಬೀದಿಗಳಲ್ಲಿ ಕೇಳುವವರಿಲ್ಲದೆ ಬೆಳೆದಿರುತ್ತದೆ.

ಸಕ್ಕರೆ ಕಾಯಿಲೆ ಇರುವವರು ‘ರಾಗಿ ತಾನೇ’ ಅಂತ ಎರಡೆರಡು ಮುದ್ದೆ ನುಂಗುವುದು ಬೇಡ. ರಾಗಿಯೂ ಧಾನ್ಯವೇ, ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ ರಕ್ತಕ್ಕೆ ಬೇಗ ಸಕ್ಕರೆ ಸೇರಿಸುತ್ತದೆ. ಸೊಪ್ಪು-ಕಾಳಿನ ಸಾರಿನ ಜೊತೆ ಒಂದು ಮುದ್ದೆಯಾದರೆ ಆ ಓಟ ನಿಧಾನವಾಗುತ್ತದೆ.

ಕ್ಯಾಲ್ಸಿಯಂ ಹೀರಲು ವಿಟಮಿನ್ ಡಿ ಬೇಕು. ಅದಕ್ಕೆ ಬಿಸಿಲು. ಅಪಾರ್ಟ್‌ಮೆಂಟಿನಿಂದ ಕಾರಿಗೆ, ಕಾರಿನಿಂದ ಆಫೀಸಿಗೆ ಹೋಗುವವರು ಇದನ್ನು ಊಟದಿಂದಷ್ಟೇ ಸರಿಮಾಡಿಕೊಳ್ಳಲು ಆಗುವುದಿಲ್ಲ.

ಬಿ12: ಅಡುಗೆಮನೆ ಕೈಚೆಲ್ಲುವ ಜಾಗ

ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲ ಅಡುಗೆಮನೆಯಲ್ಲೇ ಉತ್ತರ ಇತ್ತು. ಇದಕ್ಕೆ ಅಷ್ಟು ಸುಲಭವಾಗಿ ಇಲ್ಲ.

ಎರಡು ವರ್ಷದ ಹಿಂದೆ ನನ್ನ ಪಾದಗಳಲ್ಲಿ ಜೋಮು ಶುರುವಾಯಿತು. ಮೊದಲು ಬೆರಳುಗಳಲ್ಲಿ, ಆಮೇಲೆ ಅಂಗಾಲಿಗೆ. ಚಪ್ಪಲಿ ಜಾರಿ ಹಿಂದೆ ಉಳಿದರೂ ನಾಲ್ಕು ಹೆಜ್ಜೆ ಗೊತ್ತಾಗುತ್ತಿರಲಿಲ್ಲ. ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುತ್ತಿದ್ದವು. ವಯಸ್ಸಾಯಿತು ಅಂತ ಮನೆಯವರು ನಕ್ಕರು. ಸಕ್ಕರೆ ಕಾಯಿಲೆ ಇರಬೇಕು ಅಂತ ನಾನು ಹೆದರಿದೆ. ರಿಪೋರ್ಟಿನಲ್ಲಿ ಸಕ್ಕರೆ ಸರಿಯಾಗಿತ್ತು, ಬಿ12 ತಳ ಕಂಡಿತ್ತು.

ಈ ವಿಟಮಿನ್ನನ್ನು ಗಿಡಗಳು ತಯಾರಿಸುವುದಿಲ್ಲ. ಪ್ರಾಣಿಗಳೂ ತಯಾರಿಸುವುದಿಲ್ಲ. ತಯಾರಿಸುವುದು ಬ್ಯಾಕ್ಟೀರಿಯಾಗಳು ಮಾತ್ರ. ಹಸುವಿನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಮಾಡಿದ್ದು ಅದರ ಹಾಲಿಗೆ, ಮಾಂಸಕ್ಕೆ ಬರುತ್ತದೆ. ನಮ್ಮ ಕರುಳಿನ ಕೊನೆ ಭಾಗದಲ್ಲೂ ಒಂದಿಷ್ಟು ತಯಾರಾಗುತ್ತದೆ, ಆದರೆ ಹೀರಿಕೊಳ್ಳುವ ಜಾಗ ಆಗಲೇ ದಾಟಿಹೋಗಿರುತ್ತದೆ. ಊರು ದಾಟಿದ ಮೇಲೆ ಬಸ್ ಸ್ಟಾಪ್ ಬಂದಹಾಗೆ.

ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಪರ್ನಿಷಿಯಸ್ ಅನೀಮಿಯಾ ಅನ್ನುವ ರಕ್ತಹೀನತೆ ಬಂದವರು ಹಿಂದೆ ಸಾಯುತ್ತಿದ್ದರು. 1926ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ ಅನ್ನುವ ವೈದ್ಯರು ಅಂಥವರಿಗೆ ದಿನವೂ ಪ್ರಾಣಿಗಳ ಯಕೃತ್ತು ತಿನ್ನಿಸಿ ಬದುಕಿಸಿದರು. 1934ರಲ್ಲಿ ಅವರಿಗೆ, ವಿಪಲ್ ಅನ್ನುವ ಇನ್ನೊಬ್ಬ ಸಂಶೋಧಕರ ಜೊತೆ, ನೊಬೆಲ್ ಬಂತು. ಯಕೃತ್ತಿನಲ್ಲಿದ್ದ ಆ ವಸ್ತು ಕೈಗೆ ಸಿಕ್ಕಿದ್ದು 1948ರಲ್ಲಿ. ಅದೇ ಬಿ12. ಈ ನಡುವೆ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಗರ್ಭಿಣಿಯರಿಗೆ ಬರುತ್ತಿದ್ದ, ನೋಡಲು ಇದೇ ಥರ ಇದ್ದ ರಕ್ತಹೀನತೆಯನ್ನು ಪರೀಕ್ಷಿಸಿದರು. ಅದು ಯೀಸ್ಟ್ ಸಾರದಿಂದ ವಾಸಿಯಾಯಿತು. ಆ ಸಾರದಲ್ಲಿದ್ದದ್ದು ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಅಂತ ಆಮೇಲೆ ತಿಳಿಯಿತು. ಫೋಲೇಟ್ ಸೊಪ್ಪು-ಕಾಳುಗಳಲ್ಲಿ ಧಾರಾಳ. ಇದೇ ಒಂದು ಬಲೆ. ಫೋಲೇಟ್ ಜಾಸ್ತಿ ಸಿಗುತ್ತಿದ್ದರೆ ಬಿ12 ಕೊರತೆ ಇದ್ದರೂ ರಕ್ತ ಸರಿಯಾಗಿಯೇ ಕಾಣಬಹುದು, ಒಳಗೆ ನರಗಳು ಸವೆಯುತ್ತಲೇ ಇರುತ್ತವೆ. ‘ಹಿಮೋಗ್ಲೋಬಿನ್ ಚೆನ್ನಾಗಿದೆ’ ಅಂತ ಸುಮ್ಮನಾಗಬೇಡಿ.

ದಿನಕ್ಕೆ ಬೇಕಾದದ್ದು ಎರಡು-ಎರಡೂವರೆ ಮೈಕ್ರೋಗ್ರಾಂ, ಅಷ್ಟೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ಎರಡು ಲೋಟ ಹಾಲು-ಮೊಸರು ನಿಜವಾಗಿ ಹೊಟ್ಟೆಗೆ ಹೋಗುತ್ತಿದ್ದರೆ ಹೆಚ್ಚಿನವರಿಗೆ ಹೇಗೋ ನಡೆಯುತ್ತದೆ. ಕಾಫಿಗೆ ಬಿಟ್ಟ ಹಾಲು, ನೀರು ಮಜ್ಜಿಗೆ ನಂಬಿದರೆ ನನ್ನ ಗತಿಯೇ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ಸ್ಪಿರುಲಿನಾ ಅನ್ನುವ ಪಾಚಿಯಲ್ಲಿ ಇದೆ, ಅಣಬೆಯಲ್ಲಿ ಇದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಯಾವುದನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಸ್ಪಿರುಲಿನಾದಲ್ಲಿರುವುದು ಹೆಚ್ಚಾಗಿ ಬಿ12ರ ವೇಷದಲ್ಲಿರುವ, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ.

ಹಾಲನ್ನೂ ಬಿಟ್ಟ ವೀಗನ್‌ಗಳಿಗೆ ಮಾತ್ರೆ ಅಥವಾ ಬಿ12 ಬೆರೆಸಿದ ಆಹಾರ ಬೇಕೇ ಬೇಕು, ಇದರಲ್ಲಿ ಎರಡು ಮಾತಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಆ್ಯಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವವರು, 60 ದಾಟಿದವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಇವರಲ್ಲಿ ತಿಂದದ್ದೂ ಸರಿಯಾಗಿ ಹೀರುವುದಿಲ್ಲ. ದೇಹದಲ್ಲಿ ಕೆಲವು ವರ್ಷಗಳ ದಾಸ್ತಾನು ಇರುತ್ತದೆ. ಹಾಗಾಗಿ ಕೊರತೆ ತಡವಾಗಿ, ಸದ್ದಿಲ್ಲದೆ ಬರುತ್ತದೆ. ನನ್ನ ಜೋಮು ಹೋಗಲು ಆರು ತಿಂಗಳು ಹಿಡಿಯಿತು. ಎಡಗಾಲಿನ ಕಿರುಬೆರಳು ಇನ್ನೂ ಪೂರ್ತಿ ನನ್ನದಾಗಿಲ್ಲ.

ಇನ್ನು ಕೆಲವು ಚಿಲ್ಲರೆ ವಿಷಯ

ಎಣ್ಣೆಯ ಲೆಕ್ಕ ತಿಂಗಳಿಗೆ ಹಾಕಿ. ತಲೆಗೆ 27 ಗ್ರಾಂ ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್, ತುಪ್ಪ-ಬೆಣ್ಣೆಯೂ ಸೇರಿ. ಹೊರಗೆ ತಿನ್ನುವ ಬೋಂಡಾ, ಮಸಾಲೆದೋಸೆಯ ಎಣ್ಣೆಯೂ ಇದರೊಳಗೇ ಬರಬೇಕು. ನಮ್ಮ ಮನೆ ಐದು ದಾಟುತ್ತಿತ್ತು.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸೇರಿಸಿಯೇ. ಗುಲಾಬಿ ಬಣ್ಣದ ಹಿಮಾಲಯದ ಉಪ್ಪಿಗೆ ಬದಲಾಗುವ ಮುಂಚೆ ಪ್ಯಾಕೆಟ್ ಹಿಂದೆ ಓದಿ. ಅಯೋಡಿನ್ ಸೇರಿಸದಿದ್ದರೆ ಥೈರಾಯ್ಡ್‌ಗೆ ಬೇಕಾದದ್ದು ಸಿಗುವುದಿಲ್ಲ.

ಏಕಾದಶಿಗೆ ಸಬ್ಬಕ್ಕಿ ಉಪ್ಪಿಟ್ಟು ಮಾಡುವವರು ಶೇಂಗಾ ಪುಡಿಯಲ್ಲಿ ಜಿಪುಣತನ ಮಾಡಬೇಡಿ. ಸಬ್ಬಕ್ಕಿ ಅನ್ನುವುದು ಬರೀ ಪಿಷ್ಟ, ಆ ತಟ್ಟೆಯಲ್ಲಿ ಪೋಷಣೆ ಅಂತ ಇರುವುದು ಶೇಂಗಾ ಒಂದೇ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೇಖನ ಓದಿ ಬೇಳೆ ಜಾಸ್ತಿ ಮಾಡಬಾರದು, ಅವರ ಲೆಕ್ಕವೇ ಬೇರೆ, ವೈದ್ಯರನ್ನು ಕೇಳಬೇಕು.

ಕಾಳು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರ ಅನ್ನುವ ದೂರು ಎಲ್ಲ ಮನೆಯಲ್ಲೂ ಬರುತ್ತದೆ. ನಮ್ಮಲ್ಲೂ ಬಂತು. ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ನಾವು ಅರಗಿಸಲಾರೆವು, ಕರುಳಿನ ಬ್ಯಾಕ್ಟೀರಿಯಾಗಳು ಅರಗಿಸುತ್ತವೆ, ಗಾಳಿ ಬಿಡುತ್ತವೆ. ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿದರೆ ಇದು ಎಷ್ಟೋ ಇಳಿಯುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು. ಒಂದೇ ದಿನ ದುಪ್ಪಟ್ಟು ಮಾಡದೆ, ವಾರಕ್ಕೊಂದಿಷ್ಟು ಏರಿಸುತ್ತಾ ಹೋದರೆ ಹೊಟ್ಟೆಯೂ ಒಗ್ಗಿಕೊಳ್ಳುತ್ತದೆ. ನಾನು ಒಂದೇ ದಿನ ದುಪ್ಪಟ್ಟು ಮಾಡಿಸಿದ್ದೆ. ಮನೆಯಲ್ಲಿ ನನ್ನ ಮಾತಿಗೆ ಒಂದು ವಾರ ಬೆಲೆ ಇರಲಿಲ್ಲ.

200 ಗ್ರಾಂ ಬೇಳೆಯ ಮೊದಲ ಸಾರು ಆದ ದಿನ ಅಮ್ಮ ಸೌಟು ಎತ್ತಿ, ಮತ್ತೆ ಪಾತ್ರೆಗೆ ಸುರಿದು ನೋಡಿದರು. ಅದು ಹರಿಯಲಿಲ್ಲ, ಬಿತ್ತು. ‘ಇದು ಸಾರಲ್ಲ ಕಣೋ, ಹುಳಿ’ ಅಂದರು. ಆಮೇಲೆ ಒಪ್ಪಂದ ಆಯಿತು. ವಾರಕ್ಕೆ ಐದು ದಿನ ಹುಳಿ ಅಥವಾ ಕಾಳಿನ ಸಾರು. ಎರಡು ದಿನ ಅವರ ತಿಳಿಸಾರು, ಪಕ್ಕದಲ್ಲಿ ಒಂದು ಬಟ್ಟಲು ಉಸಲಿ. ಆ ಎರಡು ದಿನ ತಕ್ಕಡಿ ಕಟ್ಟೆಯ ಮೇಲೆ ಕಾಣಿಸಬಾರದು ಅನ್ನುವುದು ಅವರ ಷರತ್ತು.